ಜಪಾನಿನ ಬರ್ಗರ್ ದುಬಾರಿ ಆಯಿತು, ಕೌಂಟರಿನ ನಗು ಎಲ್ಲಿ ಹೋಯಿತು?

ಪ್ರಶ್ನೆ: 2012ರಲ್ಲಿ ಕಂಪನಿಯ ತರಬೇತಿಗೆಂದು ಬಿಡದಿಯಿಂದ ಜಪಾನಿಗೆ ಹೋಗಿ ಮೂರು ತಿಂಗಳು ಇದ್ದೆ. ಆಗ ಮೆಕ್‌ಡೊನಾಲ್ಡ್ಸ್ ಹ್ಯಾಂಬರ್ಗರ್ 100 ಯೆನ್. ಜೊತೆಯವರು ತಿನ್ನುತ್ತಿದ್ದ ಸುಕಿಯಾ ಅಂಗಡಿಯ ಗ್ಯೂದೊನ್ (ದನದ ಮಾಂಸ ಹಾಕಿದ ಅನ್ನದ ಬಟ್ಟಲು) 280 ಯೆನ್. ಕೌಂಟರಿನ ಹುಡುಗಿ ಎರಡೂ ಕೈಯಲ್ಲಿ ಟ್ರೇ ಕೊಟ್ಟು ತಲೆ ಬಾಗಿಸುತ್ತಿದ್ದಳು. 2025ರ ಅಕ್ಟೋಬರ್‌ನಲ್ಲಿ, ಟೋಕಿಯೋದಲ್ಲಿ ಓದುತ್ತಿರುವ ಮಗಳನ್ನು ನೋಡಲು ಮತ್ತೆ ಹೋಗಿದ್ದೆ. ಅದೇ ಹ್ಯಾಂಬರ್ಗರ್ 190, ಗ್ಯೂದೊನ್ 450. ಆರ್ಡರ್ ತಗೊಳ್ಳೋಕೆ ಜನವೇ ಇಲ್ಲ. ಪರದೆ ಒತ್ತಬೇಕು, ಟ್ರೇ ನಾನೇ ತರಬೇಕು, ನಾನೇ ವಾಪಸ್ ಇಡಬೇಕು. ದುಡ್ಡು ಜಾಸ್ತಿ, ಸೇವೆ ಕಮ್ಮಿ. ಜಪಾನಿನ ಆ ಹೆಸರಾಂತ ಸೇವೆ ಮುಗಿಯಿತಾ? ಇನ್ನೊಂದು ವಿಷಯ. ಮಗಳು ಇಂಥದೇ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಸೇರುತ್ತೇನೆ ಅನ್ನುತ್ತಿದ್ದಾಳೆ. ಒಪ್ಪಬಹುದಾ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆಯಂತೆ ಕಂಡರೂ ನನಗೆ ಅದು ಒಂದೇ. 2012ರಲ್ಲಿ ನೀವು ಕೊಟ್ಟ 100 ಯೆನ್‌ನಲ್ಲಿ ಆ ಹುಡುಗಿಯ ನಗುವಿನ ದುಡ್ಡು ಸೇರಿರಲಿಲ್ಲ. ಅದನ್ನು ಅವಳು ತನ್ನ ಕೈಯಿಂದ ಹಾಕುತ್ತಿದ್ದಳು. ಈಗ ಅದೇ ಕೌಂಟರಿನ ಆಚೆ ನಿಲ್ಲಲು ಹೊರಟಿರುವುದು ನಿಮ್ಮ ಮಗಳು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷದಿಂದ ಟೋಕಿಯೋದಲ್ಲಿದ್ದೇನೆ. ಊಟದ ಅಂಗಡಿಗಳಿಗೆ ಟಿಕೆಟ್ ಯಂತ್ರ, ಆರ್ಡರ್ ಪರದೆ ಕೂರಿಸಿ, ಕೆಟ್ಟರೆ ಸರಿ ಮಾಡುವ ಕೆಲಸ. ನಿಮಗೆ ಬೇಸರ ತಂದ ಪರದೆಯಂಥವನ್ನು ಗೋಡೆಗೆ ಹಾಕಿದವರಲ್ಲಿ ನಾನೂ ಒಬ್ಬ. ಹಾಗಾಗಿ ಈ ವಿಷಯವನ್ನು ಗಿರಾಕಿಯ ಕಡೆಯಿಂದಲೂ ನೋಡಿದ್ದೇನೆ, ಅಡುಗೆಮನೆ ಕಡೆಯಿಂದಲೂ ನೋಡಿದ್ದೇನೆ.

ಮೊದಲು ಬೆಲೆ. ನೀವು ಬಂದಿದ್ದ 2012, ಜಪಾನಿನಲ್ಲಿ ಬೆಲೆಗಳು ಹೆಚ್ಚುಕಮ್ಮಿ ನಿಂತೇ ಹೋಗಿದ್ದ ಕಾಲ. 1971ರ ಜುಲೈಯಲ್ಲಿ ಟೋಕಿಯೋದ ಗಿಂಜಾದಲ್ಲಿರುವ ಮಿತ್ಸುಕೋಶಿ ಮಳಿಗೆಯಲ್ಲಿ ಮೆಕ್‌ಡೊನಾಲ್ಡ್ಸ್ ಮೊದಲ ಅಂಗಡಿ ತೆರೆದಾಗ ಹ್ಯಾಂಬರ್ಗರ್ ಬೆಲೆ 80 ಯೆನ್. 2002ರಲ್ಲಿ ಅದೇ ಕಂಪನಿ ಅದನ್ನು 59 ಯೆನ್‌ಗೆ ಮಾರಿತ್ತು. ಮೂವತ್ತು ವರ್ಷ ಕಳೆದ ಮೇಲೆ ಬೆಲೆ ಕೆಳಗೆ! ಹೀಗೆ ಒಂದು ತಲೆಮಾರು ಪೂರ್ತಿ ಬೆಲೆ ಏರುವುದನ್ನೇ ಕಾಣದೆ ಬೆಳೆಯಿತು. 2016ರಲ್ಲಿ ಗಾರಿಗಾರಿ-ಕುನ್ ಅನ್ನುವ ಐಸ್ ಕ್ಯಾಂಡಿ 60 ಯೆನ್‌ನಿಂದ 70 ಆಯಿತು. 25 ವರ್ಷಗಳಲ್ಲಿ ಅದೇ ಮೊದಲ ಏರಿಕೆ. ಕಂಪನಿಯ ಹಿರಿಯರು, ನೌಕರರು ಸಾಲಾಗಿ ನಿಂತು ತಲೆ ಬಾಗಿಸಿ ಕ್ಷಮೆ ಕೇಳುವ ಟಿವಿ ಜಾಹೀರಾತೇ ಬಂತು. ಹತ್ತು ಯೆನ್‌ಗೆ ಅಷ್ಟು ದೊಡ್ಡ ಕ್ಷಮೆ. ಬೆಲೆ ಏರಿಸುವುದೆಂದರೆ ಗಿರಾಕಿಗೆ ಅನ್ಯಾಯ ಮಾಡಿದ ಹಾಗೆ ಅನ್ನುವ ಭಾವನೆ ಅಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು.

2021ರ ಹೊತ್ತಿಗೆ ಅದು ಒಡೆಯಿತು. ಗ್ಯೂದೊನ್ ಅಂದರೆ ಬಟ್ಟಲು ಅನ್ನದ ಮೇಲೆ ಈರುಳ್ಳಿ ಜೊತೆ ಬೇಯಿಸಿದ ತೆಳ್ಳನೆ ದನದ ಮಾಂಸ, ಅಷ್ಟೇ. ಮಾಂಸ, ಅನ್ನ, ಕೈಕೆಲಸ: ಈ ಮೂರಕ್ಕೂ ಒಂದಾದ ಮೇಲೊಂದು ಪೆಟ್ಟು ಬಿತ್ತು. ದೊಡ್ಡ ಅಂಗಡಿಗಳು ಹಾಕುವ ಮಾಂಸದಲ್ಲಿ ಬಹುಪಾಲು ಅಮೆರಿಕದ್ದು, ಹೊಟ್ಟೆಭಾಗದ ಕೊಬ್ಬು ಬೆರೆತದ್ದು. ಅದರ ಬೆಲೆ ಏರಿತು. ಅದನ್ನು ಕೊಳ್ಳುವ ಯೆನ್ ಕುಸಿಯಿತು. 2021ರ ಆರಂಭದಲ್ಲಿ ಒಂದು ಡಾಲರ್‌ಗೆ 104 ಯೆನ್ ಆಸುಪಾಸು ಇದ್ದದ್ದು 2024ರ ಜುಲೈಯಲ್ಲಿ 161 ದಾಟಿತು. ಆಮೇಲೆ ಅಕ್ಕಿ. 2024ರ ಆಗಸ್ಟ್‌ನಲ್ಲಿ ಸೂಪರ್‌ಮಾರ್ಕೆಟ್ ಕಪಾಟುಗಳಲ್ಲಿ ಅಕ್ಕಿಯೇ ಸಿಗಲಿಲ್ಲ. 2,000 ಯೆನ್ ಆಸುಪಾಸು ಇದ್ದ ಐದು ಕೆಜಿ ಚೀಲ 2025ರ ವಸಂತದಲ್ಲಿ 4,200 ಯೆನ್ ದಾಟಿತು. ಸರ್ಕಾರ ತನ್ನ ದಾಸ್ತಾನು ತೆಗೆದು ಮಾರಬೇಕಾಯಿತು. ಆ ಹೊತ್ತಿನಲ್ಲಿ ಕೃಷಿ ಮಂತ್ರಿಯೊಬ್ಬರು 'ನಾನು ಅಕ್ಕಿ ಕೊಂಡೇ ಇಲ್ಲ, ಬೆಂಬಲಿಗರು ಕೊಡುತ್ತಾರೆ' ಎಂದು ಹೇಳಿ ಕುರ್ಚಿ ಕಳಕೊಂಡರು. ಅನ್ನ ತಿನ್ನುವ ನಾಡಿನವರಾದ ನಮಗೆ ಜನರ ಆ ಸಿಟ್ಟು ಅರ್ಥವಾಗದೇ ಇರುತ್ತದಾ?

ಹ್ಯಾಂಬರ್ಗರ್ ಕಥೆಯೂ ಹೀಗೇ. 2022ರ ಮಾರ್ಚ್‌ವರೆಗೆ 110 ಯೆನ್. ಅಲ್ಲಿಂದ ಹತ್ತೇ ತಿಂಗಳಲ್ಲಿ ಮೂರು ಸಲ ಏರಿ 170. 2025ರ ಮಾರ್ಚ್‌ನಲ್ಲಿ 190 ಆಯಿತು, ನೀವು ಕೊಟ್ಟದ್ದು ಅದೇ. ಸುಕಿಯಾದ ಬಟ್ಟಲು 2014ರಲ್ಲಿ ಸ್ವಲ್ಪ ದಿನ 270ಕ್ಕೂ ಇಳಿದಿತ್ತು. 2025ರಲ್ಲಿ 480ರವರೆಗೆ ಹೋಗಿ, ಸೆಪ್ಟೆಂಬರ್‌ನಲ್ಲಿ 450ಕ್ಕೆ ಬಂತು. ಹನ್ನೊಂದು ವರ್ಷದಲ್ಲಿ ಅವರು ಬೆಲೆ ಇಳಿಸಿದ್ದು ಅದೇ ಮೊದಲು. ಇನ್ನೊಂದು ದೊಡ್ಡ ಗ್ಯೂದೊನ್ ಅಂಗಡಿ ಯೋಶಿನೋಯಾದಲ್ಲಿ 2024ರ ಜುಲೈಯಲ್ಲಿ ಬಟ್ಟಲಿಗೆ 498 ಯೆನ್ ಆಯಿತು. ಯಾಕೆ 498? ಜಪಾನಿನಲ್ಲಿ 500 ಯೆನ್ ಒಂದು ನಾಣ್ಯ. ಜೇಬಿಗೆ ಕೈ ಹಾಕಿ ಒಂದೇ ನಾಣ್ಯ ತೆಗೆದು ಮಧ್ಯಾಹ್ನದ ಊಟ ಮುಗಿಸುವುದು ಆಫೀಸಿಗೆ ಹೋಗುವವರ ಲೆಕ್ಕ. ಆ ಗೆರೆ ದಾಟಲು ಅಂಗಡಿಯವರಿಗೂ ಅಂಜಿಕೆ.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. 2012ರಲ್ಲಿ ದೇಶದ ಸರಾಸರಿ ಕನಿಷ್ಠ ಕೂಲಿ ಗಂಟೆಗೆ 749 ಯೆನ್. ಒಂದು ಗಂಟೆ ದುಡಿದರೆ 280ರ ಬಟ್ಟಲು ಎರಡೂಮುಕ್ಕಾಲಿಗೆ ಸ್ವಲ್ಪ ಕಡಿಮೆ ಸಿಗುತ್ತಿತ್ತು. 2025ರಲ್ಲಿ ಆ ಕೂಲಿ 1,121. 450ರ ಬಟ್ಟಲು ಎರಡೂವರೆ ಸಿಗುತ್ತದೆ. ಅಂದರೆ ಕೂಲಿಯ ಜೊತೆ ಇಟ್ಟು ನೋಡಿದರೆ ಬಟ್ಟಲು ಹೆಚ್ಚೇನೂ ದುಬಾರಿಯಾಗಿಲ್ಲ. ಹ್ಯಾಂಬರ್ಗರ್ ಮಾತ್ರ ಆಗಿದೆ: ಆಗ ಗಂಟೆಗೆ ಏಳೂವರೆ, ಈಗ ಆರಕ್ಕೂ ಚೂರು ಕಮ್ಮಿ. ರೂಪಾಯಿಯಲ್ಲಿ ನೋಡಿದರೆ ನಿಮ್ಮ 280 ಯೆನ್ ಆಗ ಸುಮಾರು 185 ರೂಪಾಯಿ, ಈಗಿನ 450 ಸುಮಾರು 260. ಇಷ್ಟೇ ವರ್ಷದಲ್ಲಿ ನಮ್ಮೂರ ಮಸಾಲೆ ದೋಸೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದರೆ ಈ ಲೆಕ್ಕವನ್ನು ಜಪಾನಿನವರ ಮುಂದೆ ಇಟ್ಟರೆ ಅವರು ಒಪ್ಪುವುದಿಲ್ಲ. ಅವರು ಹೇಳುವುದೂ ಸರಿ. ಕನಿಷ್ಠ ಕೂಲಿ ಏರಿತು, ಆದರೆ ತಿಂಗಳ ಸಂಬಳದವರದು ಅಷ್ಟು ಏರಲಿಲ್ಲ. 2022ರಿಂದ 2024ರವರೆಗೆ ಸತತ ಮೂರು ವರ್ಷ, ಬೆಲೆ ಏರಿಕೆ ಕಳೆದ ಮೇಲೆ ಉಳಿಯುವ ಸಂಬಳ ಇಳಿಯುತ್ತಲೇ ಹೋಯಿತು. ಪಿಂಚಣಿಯವರ ಪಾಡು ಇನ್ನೂ ಕಷ್ಟ. ನನ್ನ ಪಕ್ಕದ ಮನೆಯ ಅಜ್ಜ ವಾರಕ್ಕೆ ಮೂರು ಸಲ ಗ್ಯೂದೊನ್ ತಿನ್ನುತ್ತಿದ್ದವರು ಈಗ ಒಂದೇ ಸಲ ಹೋಗುತ್ತಾರೆ. ಅವರಿಗೆ ಅದು ಬರೀ ಊಟ ಅಲ್ಲ. ಅವರ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ಸೇವೆಯ ಮಾತು. ಯೋಶಿನೋಯಾ ಹುಟ್ಟಿದ್ದು 1899ರಲ್ಲಿ, ಟೋಕಿಯೋದ ನಿಹೊನ್‌ಬಾಶಿ ಮೀನುಪೇಟೆಯಲ್ಲಿ. ತಿನ್ನಲು ಬರುತ್ತಿದ್ದವರು ಪೇಟೆಯ ದುಡಿಮೆಗಾರರು. ಅವರಿಗೆ ಕೂರಲು ಪುರುಸೊತ್ತಿಲ್ಲ. ಆ ಅಂಗಡಿಯ ಘೋಷವಾಕ್ಯ 'ರುಚಿ, ಅಗ್ಗ, ಬೇಗ'. ಕಾಲಕಾಲಕ್ಕೆ ಈ ಮೂರು ಮಾತುಗಳ ಸರದಿ ಹಿಂದುಮುಂದಾಗಿದೆ. ಆದರೆ ಅದರಲ್ಲಿ 'ವಿನಯ' ಅನ್ನುವ ಮಾತು ಇಲ್ಲ, ಗಮನಿಸಿ. ನಾವು ಹೊರಗಿನವರು 'ಒಮೊತೆನಾಶಿ' ಅನ್ನುವ ಒಂದೇ ಹೆಸರನ್ನು ಎಲ್ಲಕ್ಕೂ ಅಂಟಿಸುತ್ತೇವೆ. ಅದು ಹಳೇ ವಸತಿಮನೆಯ, ಚಹಾಕೂಟದ ಅತಿಥಿ ಸತ್ಕಾರ. ಫಾಸ್ಟ್ ಫುಡ್ ಕೌಂಟರಿನಲ್ಲಿ ನಡೆಯುವುದನ್ನು ಜಪಾನಿನವರು 'ಸೆಕ್ಕ್ಯಾಕು' ಅನ್ನುತ್ತಾರೆ. ಗಿರಾಕಿಯನ್ನು ಎದುರುಗೊಳ್ಳುವ ಕೆಲಸ, ಅಷ್ಟೇ. ಅದಕ್ಕೊಂದು ಕೈಪಿಡಿ ಇರುತ್ತದೆ. ಏನು ಹೇಳಬೇಕು, ಯಾವಾಗ ಬಾಗಬೇಕು ಎಲ್ಲ ಅದರಲ್ಲಿದೆ. ಆ ಕೈಪಿಡಿ ಮಾತನ್ನು ಕೇಳಿ ಜಪಾನಿನ ಹಿರಿಯರು ಎಷ್ಟೋ ವರ್ಷದಿಂದ ಬೈಯುತ್ತಲೇ ಇದ್ದಾರೆ. ಪಾರ್ಟ್ ಟೈಮ್ ಹುಡುಗರ ತಪ್ಪು ಗೌರವ ಭಾಷೆಗೆ 'ಬೈತೋ ಕೇಗೊ' ಅನ್ನುವ ಹೆಸರೇ ಇದೆ. ಅಂದರೆ 'ಸೇವೆ ಮೊದಲಿನಂತಿಲ್ಲ' ಅನ್ನುವ ದೂರು ನಿಮ್ಮದೊಂದೇ ಅಲ್ಲ, ಹೊಸದೂ ಅಲ್ಲ.

ಹಾಗಾದರೆ ಆ ನಗು? ಜಪಾನಿನ ಮೆಕ್‌ಡೊನಾಲ್ಡ್ಸ್ ಮೆನುವಿನಲ್ಲಿ 'ಸ್ಮೈಲ್ – 0 ಯೆನ್' ಅಂತಲೇ ಅಚ್ಚು ಹಾಕಿದ್ದರು. 1980ರ ದಶಕದಿಂದ ಆ ಮಾತು ಮನೆಮಾತು. ಕಾಲೇಜು ಹುಡುಗರು ಗುಂಪಾಗಿ ಹೋಗಿ 'ಒಂದು ಸ್ಮೈಲ್ ಕೊಡಿ' ಅಂತ ಕೌಂಟರಿನ ಹುಡುಗಿಯನ್ನು ರೇಗಿಸುವುದೂ ಇತ್ತು. ಕೇಳುವವರಿಗೆ ತಮಾಷೆ. ಎಂಟು ಗಂಟೆ ನಿಂತ ಕಾಲಲ್ಲಿ ದಿನಕ್ಕೆ ನೂರು ಸಲ ಕೊಡುವವಳಿಗೆ? ಈಚಿನ ವರ್ಷಗಳಲ್ಲಿ ಅದೇ ಕಂಪನಿ ಕೆಲಸಕ್ಕೆ ಜನ ಕರೆಯುವ ಜಾಹೀರಾತಿನಲ್ಲಿ, ನಗಲು ಬಾರದವರೂ ಬನ್ನಿ, ನೀವಿದ್ದ ಹಾಗೇ ಇರಿ ಅನ್ನುವ ಅರ್ಥದ ಹಾಡು ಹಾಕಿತು. ಅದನ್ನು ನೋಡಿದಾಗ ನನಗೆ ನಿಜವಾಗಿ ಖುಷಿಯಾಯಿತು.

ಯಾಕೆ ಅಂತ ಹೇಳಲು ಒಂದು ರಾತ್ರಿಯ ಕಥೆ ಹೇಳಬೇಕು. 2013ರ ಚಳಿಗಾಲ. ಯಂತ್ರದ ಕೆಲಸ ಮುಗಿಸಿ ಬರುವಾಗ ರಾತ್ರಿ ಎರಡು ಗಂಟೆ. ದಾರಿಯಲ್ಲಿ ಒಂದು ಗ್ಯೂದೊನ್ ಅಂಗಡಿ ತೆರೆದಿತ್ತು. ಹೆಸರು ಬೇಡ. ಒಳಗೆ ಆರು ಜನ ಗಿರಾಕಿಗಳು, ಕೆಲಸಕ್ಕೆ ಒಬ್ಬನೇ ಹುಡುಗ. ಅವನೇ ಆರ್ಡರ್ ಕೇಳಬೇಕು, ಅವನೇ ಅನ್ನ ಹಾಕಬೇಕು, ಸೌಟು ಹಿಡಿಯಬೇಕು, ಗಲ್ಲಾ ನೋಡಬೇಕು, ಬಟ್ಟಲು ತೊಳೆಯಬೇಕು. ನನ್ನ ಮುಂದೆ ಬಟ್ಟಲು ಇಡುವಾಗ 'ಒಮತಾಸೆ ಶಿಮಾಶಿತಾ', ಕಾಯಿಸಿದೆ, ಕ್ಷಮಿಸಿ ಅಂದ. ನಾನು ಕಾದದ್ದು ಮೂರು ನಿಮಿಷ. ಅವನ ಕೈ ನೀರಲ್ಲಿ ನೆನೆದು ಬಿಳಿಚಿಕೊಂಡಿತ್ತು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಚಿಕ್ಕ ಗುಂಡಿ ನೇತಾಡುತ್ತಿತ್ತು. ಯಾವುದೋ ಕರೆಗಂಟೆ ಅಂದುಕೊಂಡು ಏನದು ಅಂತ ಕೇಳಿದೆ. ಕಳ್ಳರು ಬಂದರೆ ಒತ್ತುವ ಗುಂಡಿ ಅಂದ, ನಗುತ್ತಲೇ. ಆ ನಗು ಮೆನುವಿನಲ್ಲಿರಲಿಲ್ಲ. ಆ ರಾತ್ರಿ ಬಟ್ಟಲಿನ ಬೆಲೆ 280 ಯೆನ್.

ಇದಕ್ಕೆ ಜಪಾನಿನಲ್ಲಿ 'ವನ್-ಒಪೆ' ಅನ್ನುತ್ತಾರೆ, ಒಬ್ಬನೇ ಅಂಗಡಿ ನಡೆಸುವುದು. ಕೆಲವೇ ತಿಂಗಳಲ್ಲಿ, 2014ರ ಆರಂಭದಲ್ಲಿ, ಅದು ಊರೆಲ್ಲ ಸುದ್ದಿಯಾಯಿತು. ಸುಕಿಯಾ ಹೊಸದಾಗಿ ಹಾಟ್‌ಪಾಟ್, ಅಂದರೆ ಪಾತ್ರೆಯಲ್ಲೇ ಕುದಿಸಿ ತಿನ್ನುವ ಊಟ ಶುರು ಮಾಡಿತು. ಅದರ ತಯಾರಿಗೆ ಕೈ ಸಾಲದೆ ಕೆಲಸದವರು ಬಿಟ್ಟು ಹೋದರು, ಅಂಗಡಿಗಳು ಬಾಗಿಲು ಹಾಕಿದವು. ಕಂಪನಿಯೇ ನೇಮಿಸಿದ ಹೊರಗಿನವರ ಸಮಿತಿ ಜುಲೈಯಲ್ಲಿ ವರದಿ ಕೊಟ್ಟಿತು. ತಿಂಗಳಿಗೆ 500 ಗಂಟೆಗೂ ಮೀರಿ ದುಡಿದವರು, 24 ಗಂಟೆ ಒಂದೇ ಸಮ ನಿಂತವರು ಅದರಲ್ಲಿದ್ದರು. ಅಕ್ಟೋಬರ್‌ನಲ್ಲಿ ರಾತ್ರಿಯ ವನ್-ಒಪೆ ನಿಂತಿತು. ಇಬ್ಬರು ಸಿಗದ ಸಾವಿರಕ್ಕೂ ಹೆಚ್ಚು ಅಂಗಡಿಗಳು ರಾತ್ರಿ ಬಾಗಿಲು ಹಾಕಿದವು. 280 ಯೆನ್ ಬಟ್ಟಲಿನ ನಿಜವಾದ ಬೆಲೆ ಆಗ ಎಲ್ಲರಿಗೂ ಕಂಡಿತು.

ಈಗ ಹಾಗೆ ಒಬ್ಬನೇ ನಿಲ್ಲಲು ಹುಡುಗರೂ ಸಿಗುವುದಿಲ್ಲ. 1995ರಲ್ಲಿ ದುಡಿಯುವ ವಯಸ್ಸಿನವರು 8.7 ಕೋಟಿ ಇದ್ದರು, ಈಗ 7.4 ಕೋಟಿಗೂ ಕಮ್ಮಿ. ಹಾಗಾಗಿ ಆರ್ಡರ್, ಹಣ, ಟ್ರೇ – ಈ ಮೂರು ಕೆಲಸವನ್ನು ಯಂತ್ರಕ್ಕೂ ನಿಮಗೂ ಹಂಚಿ, ಉಳಿದ ಕೈಗಳನ್ನು ಅಡುಗೆಗೆ, ಶುಚಿಗೆ ಬಿಟ್ಟಿದ್ದಾರೆ. ಮತ್ಸುಯಾ ಅನ್ನುವ ಗ್ಯೂದೊನ್ ಅಂಗಡಿಗೆ ಹೋದರೆ ಇದು ಕಣ್ಣೆದುರೇ ಕಾಣುತ್ತದೆ. ನೀವು ಯಂತ್ರದಲ್ಲಿ ಟಿಕೆಟ್ ತಗೊಂಡ ಕ್ಷಣವೇ ಒಳಗೆ ಆರ್ಡರ್ ಹೋಗಿರುತ್ತದೆ. ನೀರು ಹಿಡಿದು ಕೂರುವಷ್ಟರಲ್ಲಿ ಪರದೆ ಮೇಲೆ ನಿಮ್ಮ ನಂಬರ್ ಬರುತ್ತದೆ. ನಮ್ಮ ದರ್ಶಿನಿಯಲ್ಲಿ ಟೋಕನ್ ತಗೊಂಡು ಕೌಂಟರಿಗೆ ಹೋಗಿ ನಿಲ್ಲುವುದಿಲ್ಲವೇ, ಹಾಗೇ. ನೀರು ಪುಕ್ಕಟೆ, ಉಪ್ಪಿನಕಾಯಿ ಶುಂಠಿ ಎಷ್ಟು ಬೇಕೋ ಅಷ್ಟು, ಕೂತು ತಿಂದರೆ ಮಿಸೊ ಸೂಪೂ ಪುಕ್ಕಟೆ. ಟಿಪ್ಸ್ ಇಲ್ಲ. ಬಂದದ್ದು ನೀವು ಕೇಳಿದ್ದೇ, ಬಿಸಿಯಾಗಿಯೇ. ನನ್ನ ಮಟ್ಟಿಗೆ ಜಪಾನಿನ ಸೇವೆ ಅಂದರೆ ಯಾವತ್ತೂ ಈ ಏರ್ಪಾಡೇ. ಅದು ಮುಗಿದಿಲ್ಲ. ಯೋಶಿನೋಯಾ ಸೌಟಿಗೆ 47 ತೂತು ಇರುತ್ತವೆ, ಮಾಂಸ, ಈರುಳ್ಳಿ, ರಸ ಮೂರೂ ಹದವಾಗಿ ಒಂದೇ ಸಲಕ್ಕೆ ಬರಲಿ ಅಂತ. ಗಿರಾಕಿಗಾಗಿ ಅಷ್ಟು ಯೋಚನೆ ಮಾಡಿದ್ದಾರಲ್ಲ, ಆ ತೂತುಗಳು ಇವತ್ತೂ ಅಷ್ಟೇ ಇವೆ.

ಕಳೆದದ್ದು ಏನೂ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಪಕ್ಕದ ಮನೆಯ ಅಜ್ಜ ಅಂದೆನಲ್ಲ, ಅವರು ಒಂದು ದಿನ ಊಟಕ್ಕೆ ಕರಕೊಂಡು ಹೋಗು ಅಂದರು. ಯಂತ್ರದ ಮುಂದೆ ನಿಂತರು. ಮೊದಲು ಇಲ್ಲೇ ತಿನ್ನುತ್ತೀರೋ ಕಟ್ಟಿಸಿಕೊಳ್ಳುತ್ತೀರೋ ಅಂತ ಕೇಳಿತು. ಆಮೇಲೆ ಅಳತೆ, ಆಮೇಲೆ ಜೊತೆಗೆ ಮೊಟ್ಟೆ ಬೇಕಾ, ಸಲಾಡ್ ಬೇಕಾ, ಪಾಯಿಂಟ್ ಕಾರ್ಡ್ ಇದೆಯಾ. ಕನ್ನಡಕ ಸರಿ ಮಾಡಿಕೊಳ್ಳುವಷ್ಟರಲ್ಲಿ ಪರದೆ ತಾನಾಗೇ ಮೊದಲ ಪುಟಕ್ಕೆ ಹೋಯಿತು. ಹಿಂದೆ ನಾಲ್ಕು ಜನ ನಿಂತಿದ್ದರು. ಅಜ್ಜ ತಿರುಗಿ ಅವರಿಗೆಲ್ಲ ತಲೆ ಬಾಗಿಸಿ, 'ಮೊದಲು ನೀವು ತಗೊಳ್ಳಿ' ಅಂತ ಪಕ್ಕಕ್ಕೆ ಸರಿದರು. ಅರವತ್ತು ವರ್ಷದಿಂದ 'ನಾಮಿ ಒಂದು' ಅಂದರೆ ಸಾಕು, ಮಾಮೂಲಿ ಅಳತೆಯ ಬಟ್ಟಲು ಮುಂದೆ ಬರುತ್ತಿತ್ತು. ಆ ದಿನ ನನಗೆ ಊಟ ಸೇರಲಿಲ್ಲ. ಪರದೆ ಎಷ್ಟು ಸೆಕೆಂಡಿಗೆ ಹಿಂದಕ್ಕೆ ಹೋಗಬೇಕು ಅನ್ನುವುದನ್ನು ನಾವೇ ಬರೆದಿರುತ್ತೇವೆ. ಆಮೇಲಿಂದ ಯಾವ ಅಂಗಡಿಗೆ ಹೋದರೂ ಆ ಸಮಯ ಹೆಚ್ಚಿಸಿ, ಮೊದಲ ಪುಟದಲ್ಲೇ ಮಾಮೂಲಿ ಊಟದ ದೊಡ್ಡ ಗುಂಡಿ ಇಡಿ, ಒಂದು ಕೌಂಟರ್ ಆದರೂ ಮನುಷ್ಯರದ್ದಿರಲಿ ಅಂತ ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ. ಇದು ಹಟ ಹಿಡಿದು ಕೇಳಬೇಕಾದ ವಿಷಯ ಅಂತಲೇ ನನ್ನ ನಂಬಿಕೆ. ಒಂಟಿ ಮುದುಕರಿಗೆ ದಿನದಲ್ಲಿ ಬೇರೆಯವರ ಜೊತೆ ಆಡುವ ಮಾತು ಅದೊಂದೇ ಇರಬಹುದು.

ಇನ್ನು ನಿಮ್ಮ ಮಗಳ ವಿಷಯ. ಸೇರಲಿ ಅನ್ನುವುದು ನನ್ನ ಅಭಿಪ್ರಾಯ. ಭಾಷೆ ಬೇಗ ಬರುತ್ತದೆ. 2014ಕ್ಕೆ ಹೋಲಿಸಿದರೆ ಈಗ ಕೆಲಸದವರ ಕೈ ಸ್ವಲ್ಪ ಮೇಲಾಗಿದೆ. 'ಗಿರಾಕಿಯೇ ದೇವರು' ಅನ್ನುವ ಮಾತು ಜಪಾನಿನಲ್ಲಿ ಬಹಳ ಕಾಲ ನಡೆಯಿತು. ಅದು ಗಾಯಕ ಮಿನಾಮಿ ಹರುವೊ ಅವರ ಮಾತು. ದೇವರ ಮುಂದೆ ನಿಂತಂತೆ ಶುದ್ಧ ಮನಸ್ಸಿನಿಂದ ಹಾಡುತ್ತೇನೆ ಅನ್ನುವುದು ಅವರ ಅರ್ಥ. ಅದನ್ನೇ ಹಿಡಿದು ಗಿರಾಕಿಗಳು ಕೌಂಟರಿನವರ ಮೇಲೆ ಕೂಗಾಡಿದರು, ಮೊಣಕಾಲೂರಿ ಕ್ಷಮೆ ಕೇಳಿಸಿದರು. ಈಗ ಅದಕ್ಕೆ 'ಕಸು-ಹರಾ', ಗಿರಾಕಿ ಕಿರುಕುಳ ಅನ್ನುವ ಹೆಸರು ಬಂದಿದೆ. ಟೋಕಿಯೋ ಅದರ ವಿರುದ್ಧ ದೇಶದಲ್ಲೇ ಮೊದಲು ನಿಯಮ ಮಾಡಿ 2025ರ ಏಪ್ರಿಲ್ 1ರಿಂದ ಜಾರಿಗೆ ತಂದಿದೆ. ಅದರಲ್ಲಿ ದಂಡ ಇಲ್ಲ. ಆದರೂ ಮ್ಯಾನೇಜರ್ ಗಿರಾಕಿಗೆ 'ಸಾಕು, ಹೊರಡಿ' ಅನ್ನಲು ಒಂದು ಆಧಾರ ಸಿಕ್ಕಿದೆ.

ಮಗಳಿಗೆ ಕೆಲವು ವಿಷಯ ಗಟ್ಟಿಯಾಗಿ ಹೇಳಿ. ಸ್ಟೂಡೆಂಟ್ ವೀಸಾದವರು ಮೊದಲು ಕೆಲಸದ ಅನುಮತಿ ತಗೊಳ್ಳಬೇಕು. ಅದು ಇದ್ದರೂ ವಾರಕ್ಕೆ 28 ಗಂಟೆ ಮಾತ್ರ. ಕಾಲೇಜಿನ ದೊಡ್ಡ ರಜೆಯಲ್ಲಿ ದಿನಕ್ಕೆ 8 ಗಂಟೆವರೆಗೆ ಬಿಡುತ್ತಾರೆ. ಎರಡು ಕಡೆ ದುಡಿದರೆ ಎರಡೂ ಸೇರಿ ಲೆಕ್ಕ. 'ಯಾರಿಗೂ ಗೊತ್ತಾಗಲ್ಲ, ಸುಮ್ನೆ ಮಾಡು' ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬರಲಿ. ವೀಸಾ ಹೋಗುವುದು ಅವಳದು, ಅವರದಲ್ಲ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಕೂಲಿಯ ಮೇಲೆ ಶೇ 25 ಹೆಚ್ಚು ಕೊಡಬೇಕು ಅನ್ನುವುದು ಕಾನೂನು. 2024ರ ಏಪ್ರಿಲ್‌ನಿಂದ ಸುಕಿಯಾದಲ್ಲಿ ಅದೇ ಹೊತ್ತಿಗೆ ಊಟಕ್ಕೂ ಶೇ 7 ಹೆಚ್ಚು. ನೀವು ಮುಂದಿನ ಸಲ ರಾತ್ರಿ ಹೊತ್ತು ಅಲ್ಲಿ ತಿಂದು ಬಿಲ್ ನೋಡಿ ಹುಬ್ಬೇರಿಸುವ ಮುಂಚೆ ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿ.

ರಾತ್ರಿ ಪಾಳಿಗೆ ದುಡ್ಡು ಜಾಸ್ತಿ ಅಂತ ಅವಳಿಗೂ ಆಸೆಯಾಗಬಹುದು. ಸಂದರ್ಶನದಲ್ಲಿ ಕೂಲಿ ಎಷ್ಟು ಅಂತ ಕೇಳುವ ಮೊದಲು ಅವಳು ಈ ಒಂದು ಪ್ರಶ್ನೆ ಕೇಳಲಿ: 'ಶಿನ್ಯಾ ವಾ ನನ್ನಿನ್ ತೈಸೇ ದೆಸು ಕಾ?' ತಡರಾತ್ರಿ ಎಷ್ಟು ಜನ ಇರುತ್ತಾರೆ? 'ಹುತಾರಿ', ಇಬ್ಬರು ಅಂತ ತಡವರಿಸದೆ ಉತ್ತರ ಬಂದರೆ ಸೇರಲಿ. ಮ್ಯಾನೇಜರ್ ಮಾತು ಹಾರಿಸಿದರೆ, 'ಸಾಮಾನ್ಯವಾಗಿ' ಅಂತ ಶುರು ಮಾಡಿದರೆ, ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಲಿ. ಕೈಗಳಿಗೆ ಬರ ಇರುವ ಊರು ಇದು, ಕೆಲಸ ಸಿಗುತ್ತದೆ.